ಕೆರೆ ಪಂಚಾಯಿತಿಯ ನಮ್ಮ ದೊಡ್ಡಪ್ಪ

ನಮ್ಮ ದೊಡ್ಡಪ್ಪನ ಬಾಯಿಂದ ಒಂದು ಒಳ್ಳೆಯ ಮಾತು ಕೇಳಿದವರು ನಮ್ಮ ಸೀಮೆಯಲ್ಲೇ ಇಲ್ಲ. ಇದ್ದೇವೆ ಎಂದು ಯಾರಾದರೂ ಹೇಳಿದರೆ ಅವರು ಸುಳ್ಳರು, ಇಲ್ಲವೇ ಅವರಿಗೆ ಕಿವಿ ಮಂದ! ಗಂಡುಮಗು ಹುಟ್ಟಿತೆಂದು ಸಕ್ಕರೆ ಹಂಚಲು ಬಂದವರಿಗೆ ಆತ, "ಹುಟ್ತಾ? ಸರಿ. ಕೆರೆ ಒಡೆಯೋ ಹೊತ್ತಿಗೆ ಈಜು ಕಲಿಸಿಟ್ಟಿರಿ" ಎನ್ನುತ್ತಿದ್ದ. ಸಕ್ಕರೆಯನ್ನು ಮಾತ್ರ ಬಿಡದೆ ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಹಗರೆಗೂ ಹಳೇಬೀಡಿಗೂ ನಡುವೆ ಒಂದು ದಿಣ್ಣೆಯ ಮೇಲೆ ನಮ್ಮೂರು. ಊರ ಮುಂದೆ ಕೆರೆ, ಕೆರೆಯ ಏರಿಯ ಆಚೆಗೆ ತಗ್ಗಿನಲ್ಲಿ ಗದ್ದೆಬಯಲು, ಬಯಲಿನಲ್ಲಿ ಕೆಳಗಿನೂರು. ಆಗ ಮಹಾರಾಜರ ಕಾಲ. ಕೆರೆಯನ್ನು ಊರಿನವರೇ ಕೂಡಿ ಕಾಪಾಡಿಕೊಳ್ಳಲಿ ಎಂದು ಸರ್ಕಾರ ಒಂದು ಕೆರೆ ಪಂಚಾಯಿತಿ ಮಾಡಿಸಿತು. ಪಟೇಲರು ಅದರ ಅಧ್ಯಕ್ಷರು. ಹೋದಲ್ಲಿ ಬಂದಲ್ಲಿ "ಕೆರೆ ಒಡೀತದೆ" ಎಂದು ಅಪಶಕುನ ನುಡಿಯುವ ನಮ್ಮ ದೊಡ್ಡಪ್ಪನನ್ನು ಮೆಂಬರು ಮಾಡಿದವರೂ ಅವರೇ. ಹಾಯುವ ದನವನ್ನು ಗೂಟಕ್ಕೆ ಕಟ್ಟಿದರೆ ಸುಮ್ಮನಾಗುತ್ತದೆ ಎಂಬುದು ಅವರ ಎಣಿಕೆ. ದನ ಗೂಟವನ್ನೇ ಕಿತ್ತುಕೊಂಡು ಊರೆಲ್ಲ ಸುತ್ತಿತು!

ಪಂಚಾಯಿತಿಯ ಮೀಟಿಂಗು ದೇವಸ್ಥಾನದ ಜಗಲಿಯ ಮೇಲೆ ನಡೆಯುತ್ತಿತ್ತು. ಮೀಟಿಂಗು ಎಂದರೆ ಏನು? ಎಲೆಯಡಿಕೆ, ಕೆರೆಯ ಮೀನು ಈ ಸಲ ಯಾರಿಗೆ ಹರಾಜು ಎಂಬ ಮಾತು, ಮತ್ತೆ ಎಲೆಯಡಿಕೆ. ಒಂದು ಸಲ ದೊಡ್ಡಪ್ಪ ಒಂದು ಮಡಕೆ ಹಿಡಿದುಕೊಂಡು ಬಂದ. ತಿನ್ನಲು ಏನೋ ತಂದಿದ್ದಾನೆಂದು ಎಲ್ಲರೂ ಹತ್ತಿರ ಸರಿದರು. ದೊಡ್ಡಪ್ಪ ಮಡಕೆಯನ್ನು ಬೋರಲು ಹಾಕಿದ. ಅಂಗೈಯಗಲದ ಏಡಿಯೊಂದು ಕೊಂಬು ಎತ್ತಿಕೊಂಡು ಜಗಲಿಯ ಮೇಲೆ ಹೊರಟಿತು. ಶಾನುಭೋಗರು ಕಾಲು ಮೇಲಕ್ಕೆತ್ತಿ ಕಂಬ ತಬ್ಬಿಕೊಂಡರು.

"ಇದೇನ್ರೀ ಯಜಮಾನ್ರೆ, ದೇವಸ್ಥಾನದಾಗೆ!" ಎಂದರು ಪಟೇಲರು.

"ಇದೂ ನಮ್ಮ ಮೆಂಬರೇ ಸ್ವಾಮಿ. ನಾವು ಮೀನು ಹರಾಜು ಹಾಕ್ತಾ ಕೂತಿರೋವಾಗ ಇದು ಒಂದು ದಿನವೂ ತಪ್ಪಿಸದಂಗೆ ಏರಿ ಕೊರೀತಾ ಐತೆ. ಕೆಲಸ ಮಾಡೋ ಮೆಂಬರು ಅಂದ್ರೆ ಇದೊಂದೇ."

ಬೇಲೂರಿನಿಂದ ಅಮಲ್ದಾರರು ಕೆರೆ ನೋಡಲು ಬಂದಾಗಲೂ ಇದೇ ಕಥೆ. ಅವರು ಮೊದಲು ಬಸ್ತಿಹಳ್ಳಿಯ ಬಸದಿಗಳನ್ನೆಲ್ಲ ಸಾವಕಾಶವಾಗಿ ನೋಡಿಕೊಂಡು, ಊಟ ಮುಗಿಸಿ, ಬಿಸಿಲು ಇಳಿದ ಮೇಲೆ ದಯಮಾಡಿಸಿದರು. ಪಟೇಲರು ಹಾರ ಹಾಕಿ ಎಳನೀರು ಕೊಟ್ಟರು. ದೊಡ್ಡಪ್ಪ ಅವರನ್ನು ಏರಿಯ ಇಳಿಜಾರಿಗೆ ಕರೆದುಕೊಂಡು ಹೋಗಿ ಒಂದು ಬಿಲ ತೋರಿಸಿ, "ಕೈ ಹಾಕಿ ನೋಡಿ ಸ್ವಾಮಿ" ಎಂದ. ಪಾಪ, ಅವರು ಕೋಟಿನ ತೋಳು ಮಡಿಸಿ ಮೊಣಕೈವರೆಗೂ ಕೈ ಹಾಕಿಯೇಬಿಟ್ಟರು.

"ಒಳಗೆ ಏನಿದೆಯಯ್ಯಾ?"

"ಹೆಗ್ಗಣ ಇರಬೋದು, ಹಾವೂ ಇರಬೋದು. ಸರ್ಕಾರ ಒಂದು ಸಲನಾದ್ರೂ ಇದಕ್ಕೆ ಕೈ ಹಾಕಲಿ ಅಂತ ಅಷ್ಟೇಯ."

ಅಮಲ್ದಾರರು ಕೈ ಎಳೆದುಕೊಂಡ ರಭಸಕ್ಕೆ ಇನ್ನೊಂದು ಕೈಯಲ್ಲಿದ್ದ ಎಳನೀರು ಪಟೇಲರ ಪಂಚೆಯ ಮೇಲೆ ಚೆಲ್ಲಿತು. ಬಿಲ ಮುಚ್ಚಿಸಲು ಹಣ ಬರಲಿಲ್ಲ. ಪಟೇಲರು ಮಾತ್ರ ಆ ಪಂಚೆಯ ವಿಷಯದಲ್ಲಿ ದೊಡ್ಡಪ್ಪನನ್ನು ಜನ್ಮದಲ್ಲಿ ಕ್ಷಮಿಸಲಿಲ್ಲ.

ನಾನಾಗ ಬೇಲೂರಿನಲ್ಲಿ ಹೊಸದಾಗಿ ಮೇಷ್ಟರ ಕೆಲಸಕ್ಕೆ ಸೇರಿದ್ದೆ. ತುಂಬ ತಿಳಿದವನು ಎಂಬ ಗರ್ವ ಬೇರೆ. ಹಿರಿಯನಿಗೂ ಸ್ವಲ್ಪ ಕಲೆ ತೋರಿಸೋಣವೆಂದು ದೊಡ್ಡಪ್ಪನನ್ನು ಹಳೇಬೀಡಿನ ಗುಡಿಗೆ ಕರೆದುಕೊಂಡು ಹೋದೆ. ಶಿಲ್ಪ ಹೀಗಿದೆ, ಆನೆಸಾಲು ಹಾಗಿದೆ ಎಂದು ಗಂಟಲು ಹರಿಯುವಂತೆ ವರ್ಣಿಸಿ ತಿರುಗಿ ನೋಡಿದರೆ ದೊಡ್ಡಪ್ಪ ಗುಡಿಗೆ ಬೆನ್ನು ಹಾಕಿ ನಿಂತಿದ್ದಾನೆ! ಅವನ ಕಣ್ಣೆಲ್ಲ ಅಲ್ಲಿಯ ಕೆರೆಯ ಮೇಲೆ.

"ರಾಜರು ಹೋದ್ರು, ಅರಮನೆ ಹೋಯ್ತು. ಇದು ಉಳಕೊಂಡೈತೆ ನೋಡ್ಲಾ. ಯಾವನೋ ಒಬ್ಬ ದಿನಾ ಏರಿ ಮ್ಯಾಲೆ ತಿರುಗಾಡವನೆ. ಅವನ ಬೊಂಬೆ ಎಲ್ಲಿ ಕೆತ್ತವರೆ, ತೋರಿಸು."

ಎಷ್ಟು ಹುಡುಕಿದರೂ ತೋರಿಸುವುದು ನನ್ನಿಂದ ಆಗಲಿಲ್ಲ.

ಇಷ್ಟು ಭಯದ ಮನುಷ್ಯನಿಗೆ ವಿಧಿ ಏನು ಮಾಡಬೇಕೋ ಅದನ್ನೇ ಮಾಡಿತು. ಅವನ ಒಬ್ಬಳೇ ಮಗಳಿಗೆ, ಎಂದರೆ ನಮ್ಮ ಅಕ್ಕನಿಗೆ, ಕೆಳಗಿನೂರಿನಿಂದಲೇ ಗಂಡು ಬಂತು. ಒಳ್ಳೆಯ ಮನೆ, ಒಳ್ಳೆಯ ಹುಡುಗ, ನೀರಾವರಿ ಗದ್ದೆ. ಜಾತಕವೂ ಕೂಡಿತು. ಆದರೆ ಮನೆ ಇದ್ದದ್ದು ಏರಿಯ ನೇರ ಕೆಳಗೆ! ಬೇರೆಯವರು ಗಂಡಿನ ಕುಲ ಗೋತ್ರ ಕೇಳಿದರೆ ನಮ್ಮ ದೊಡ್ಡಪ್ಪ ಬೀಗರಾಗುವವರನ್ನು ಕೇಳಿದ್ದು, "ನಿಮ್ಮ ಮನೆ ಹೊಸಲು ಎಷ್ಟು ಎತ್ತರ ಐತೆ?"

ದೊಡ್ಡಮ್ಮನಿಗೆ ರೇಗಿಹೋಯಿತು. "ಆ ಸಿವ ಕೆರೆಗೆ ಮಾತ್ರ ತೂಬು ಇಟ್ಟ, ನಿಮ್ಮ ಬಾಯಿಗೆ ಇಡಲಿಲ್ಲ. ಈ ಮದುವೆ ನಡದೇ ನಡೀತದೆ" ಎಂದಳು. ನಡೆಯಿತು. ಅಕ್ಕನನ್ನು ಕಳಿಸಿಕೊಡುವಾಗ ಹೆಂಗಸರೆಲ್ಲ ಅತ್ತರು. ದೊಡ್ಡಪ್ಪ ಮಾತ್ರ ಅಳದೆ, ಎತ್ತಿನಗಾಡಿಯ ಹಿಂದೆ ಏರಿಯವರೆಗೂ ನಡೆದು ಹೋಗಿ ಅಲ್ಲೇ ನಿಂತುಬಿಟ್ಟ. ಅವತ್ತಿನಿಂದ ಅವನು ಏರಿ ಬಿಟ್ಟು ಮನೆಯಲ್ಲಿ ಕೂತದ್ದೇ ಕಡಿಮೆ. ಊಟಕ್ಕೆ ಕೂತರೂ ಒಂದು ಕಿವಿ ಅತ್ತಲೇ.

ಇನ್ನು ಕೋಡಿಯ ವಿಷಯ. ಕೆರೆ ತುಂಬಿ ಹೆಚ್ಚಾದ ನೀರು ಹರಿದು ಹೋಗುವ ಕಲ್ಲುಕಟ್ಟಡಕ್ಕೆ ಕೋಡಿ ಎನ್ನುತ್ತಾರೆ. ಕೋಡಿ ಬಿತ್ತೆಂದರೆ ಊರಿಗೆ ಹಬ್ಬ. ಹೆಂಗಸರು ಗಂಗಮ್ಮನಿಗೆ ಬಾಗಿನ ಬಿಡುತ್ತಾರೆ, ಮನೆಮನೆಯಲ್ಲಿ ಹೋಳಿಗೆ ಬೇಯುತ್ತದೆ. ಆದರೆ ನಮ್ಮವರ ಆಸೆ ದೊಡ್ಡದು. ಬಾಗಿನ ಬಿಟ್ಟ ಮಾರನೆಯ ದಿನವೇ ಕೋಡಿಯ ಮೇಲೆ ಕಲ್ಲು ಪೇರಿಸಿ, ಹುಲ್ಲುಬೇರಿನ ಸಮೇತ ಕಿತ್ತ ಮಣ್ಣಿನ ಹೆಂಟೆ ಮೆತ್ತಿ ಮೊಳದೆತ್ತರ ಏರಿಸುತ್ತಿದ್ದರು. ಬಂದ ಗಂಗೆಯನ್ನು ಹೊರಗೆ ಬಿಡುವುದುಂಟೆ? ಅಷ್ಟು ನೀರು ಹೆಚ್ಚು ನಿಂತರೆ ಬೇಸಿಗೆಗೂ ಒಂದು ಬತ್ತದ ಬೆಳೆ! ಪಂಚಾಯಿತಿಯೂ ಇದಕ್ಕೆ ಒಪ್ಪಿಗೆ ಕೊಡುತ್ತಿತ್ತು. ಬೇಡವೆಂದು ಕೈ ಎತ್ತುತ್ತಿದ್ದವನು ಒಬ್ಬನೇ. ಯಾರೆಂದು ಹೇಳಬೇಕೆ?

ಅಕ್ಕನಿಗೆ ಚೊಚ್ಚಲು ಹೆರಿಗೆಯಾಗಿ, ಬಾಣಂತನ ಮುಗಿಸಿಕೊಂಡು ಮಗುವಿನ ಜೊತೆ ಗಂಡನ ಮನೆಗೆ ಹೋದ ವರ್ಷ ದಸರೆಯ ರಜಕ್ಕೆ ನಾನು ಊರಿಗೆ ಬಂದಿದ್ದೆ. ಹಿಡಿದ ಮಳೆ ಬಿಡಲೇ ಇಲ್ಲ. ಒಂದು ಬೆಳಿಗ್ಗೆ ಏರಿಯಿಂದ ಬಂದ ದೊಡ್ಡಪ್ಪನ ಮುಖದಲ್ಲಿ ರಕ್ತವಿರಲಿಲ್ಲ. "ಏರಿ ಬೆವರ್ತಾ ಐತೆ ಕಣ್ಲಾ" ಎಂದವನೇ ಹಾರೆ ತೆಗೆದುಕೊಂಡು ಹೊರಟ. ನಾನು ಕೊಡೆ ಹಿಡಿದು ಹಿಂದೆ ಓಡಿದೆ. ಏರಿಯ ಹೊರಮೈಯಲ್ಲಿ, ಕೆಳಗಿನೂರಿನ ಕಡೆಗೆ, ಮಣ್ಣಿನೊಳಗಿಂದ ನೀರು ಸಣ್ಣಗೆ ಒಸರುತ್ತಿತ್ತು. ಅದು ಮಳೆಯ ನೀರೋ ಕೆರೆಯ ನೀರೋ ನನಗಂತೂ ತಿಳಿಯಲಿಲ್ಲ.

ಪೇರಿಸಿದ್ದನ್ನು ಕಿತ್ತು ನೀರು ಇಳಿಸಿದರೆ ಏರಿಯ ಮೇಲಿನ ಭಾರ ತಗ್ಗುತ್ತದೆಂದು ದೊಡ್ಡಪ್ಪ ನೆಟ್ಟಗೆ ಕೋಡಿಗೆ ನಡೆದ. ಸುದ್ದಿ ತಿಳಿದು ಪಟೇಲರೂ ಮೆಂಬರುಗಳೂ ಓಡಿ ಬಂದರು.

"ಯಜಮಾನ್ರೆ, ಹಾರೆ ಕೆಳಗಿಡಿ. ಕೋಡಿ ಕಿತ್ರೆ ಬೇಸಿಗೆ ಬೆಳೆ ಕೈ ಬಿಡ್ತದೆ. ನಿಮ್ಮದೂ ಗದ್ದೆ ಐತೆ, ನಿಮ್ಮ ಮಗಳದೂ ಐತೆ" ಎಂದರು ಪಟೇಲರು.

"ಮಗಳೂ ಅವ್ಳೆ ಸ್ವಾಮಿ ಅಲ್ಲಿ."

"ಏನೇ ಆದ್ರೂ ಕಾಯ್ದೆ ಪ್ರಕಾರ ಮೀಟಿಂಗ್ ಆಗ್ಲಿ!"

ಆಯಿತು ನೋಡಿ, ಕೋಡಿಯ ಪಕ್ಕದಲ್ಲಿ, ಸುರಿಯುವ ಮಳೆಯಲ್ಲಿ, ಕೊಡೆಗಳ ಕೆಳಗೆ ಮೀಟಿಂಗು! ಪಟೇಲರು ಗಂಭೀರವಾಗಿ ವಿಷಯ ಮಂಡಿಸಿದರು. ಕೋಡಿ ಕೀಳಬಾರದು ಎಂದು ಎಲ್ಲರೂ ಕೈ ಎತ್ತಿದರು. ಕೀಳಬೇಕು ಎನ್ನುವವರು ಯಾರೆಂದು ಕೇಳಿದಾಗ ದೊಡ್ಡಪ್ಪನೂ ಕೈ ಎತ್ತಿದ. ಎತ್ತಿದ ಕೈಯಲ್ಲಿ ಹಾರೆಯಿತ್ತು. ಅದು ಇಳಿದದ್ದು ಕೋಡಿಯ ಮೇಲಿನ ಕಲ್ಲಿನ ಮೇಲೆಯೇ.

ಒಂದು ಹೆಂಟೆ ಜಾರಿತು, ಅದರ ಹಿಂದೆ ಕಲ್ಲು ಹೊರಳಿತು, ಪೇರಿಸಿದ್ದೆಲ್ಲ ಕೊಚ್ಚಿಕೊಂಡು ಕೆಂಪು ನೀರು ಹಳ್ಳಕ್ಕೆ ಧುಮುಕಿತು. ಮಧ್ಯಾಹ್ನದ ಹೊತ್ತಿಗೆ ಏನಾಯಿತೆಂದು ಬಲ್ಲಿರಾ? ಮಳೆ ನಿಂತಿತು! ಚಿನ್ನದಂಥ ಬಿಸಿಲು ಬಿತ್ತು! ದೇವರಿಗೆ ಹಾಸ್ಯಪ್ರವೃತ್ತಿ ಇದೆಯೆಂದು ನಾನು ನಂಬಿದ್ದು ಅವತ್ತೇ. ಆದರೆ ಆ ಹಾಸ್ಯಕ್ಕೆ ನಗುವುದು ನನ್ನಿಂದಾಗಲಿಲ್ಲ. ಒಡೆದ ಕೆರೆಯಾದರೆ ಊರಿಗೇ ಕಾಣುತ್ತದೆ. ಒಡೆಯದೆ ಉಳಿದ ಕೆರೆಗೆ ಸಾಕ್ಷಿ ಹೇಳುವವರು ಯಾರು?

ದೊಡ್ಡಪ್ಪನನ್ನು ಪಂಚಾಯಿತಿಯಿಂದ ತೆಗೆದರು. ಏರಿ ಹತ್ತಕೂಡದೆಂದು ಅಮಲ್ದಾರರ ಹುಕುಂ ಬಂತು. ಅವರ ಕೈ ಇನ್ನೂ ಆ ಬಿಲವನ್ನು ಮರೆತಿರಲಿಲ್ಲವೆಂದು ಕಾಣುತ್ತದೆ. ಬೇಸಿಗೆಗೆ ಕೆರೆ ತಳ ಕಂಡು ಬತ್ತ ತೆನೆ ಬಿಚ್ಚದೆ ಹೊಡೆಯಲ್ಲೇ ಒಣಗಿತು. ನಮ್ಮ ಮನೆಯ ಮುಂದೆ ಹಾಯುವ ಜನ ಮುಖ ತಿರುಗಿಸಿಕೊಂಡು ಹೋದರು. ದೊಡ್ಡಮ್ಮ ಅನ್ನ ಬಡಿಸುತ್ತಿದ್ದಳು, ಮಾತು ಬಡಿಸುತ್ತಿರಲಿಲ್ಲ. ದೊಡ್ಡಪ್ಪ ಜಗಲಿಯ ಮೇಲೆ ಮಂಕಾಗಿ ಕೂತಿರುತ್ತಿದ್ದ. ಕೆರೆ ಒಡೆಯುತ್ತದೆ ಎನ್ನುವುದನ್ನೂ ಬಿಟ್ಟುಬಿಟ್ಟಿದ್ದ. ಬೇಸಿಗೆಯ ರಜಕ್ಕೆ ಬಂದಿದ್ದ ನನಗೆ ಅದನ್ನು ನೋಡಲು ಬಹಳ ಸಂಕಟವಾಗುತ್ತಿತ್ತು.

"ಅವತ್ತು ನಿಜವಾಗ್ಲೂ ಒಡೀತಿತ್ತಾ ದೊಡ್ಡಪ್ಪ?" ಎಂದು ಕೇಳಿದೆ.

"ಗೊತ್ತಿಲ್ಲ ಕಣ್ಲಾ" ಎಂದ.

ಆ ಮಾತಿನ ಹಿಂದೆಯೇ ಅಕ್ಕ ಬಂದಳು. ಸೊಂಟದಲ್ಲಿ ಮಗು, ಬಿಸಿಲಿಗೆ ಕೆಂಪಾದ ಮುಖ. ಕಾಲು ಕೂಡ ತೊಳೆಯದೆ ಅಂಗಳದಲ್ಲೇ ಶುರು ಮಾಡಿದಳು.

"ಏನ್ ಮಾಡ್ಬಿಟ್ಟೆ ಅಪ್ಪಯ್ಯ ನೀನು! ಗದ್ದೆಯೆಲ್ಲ ಬಿರುಕು ಬಿಟ್ಟೈತೆ. ನಮ್ಮತ್ತೆ ಒಂದೊಂದು ತುತ್ತಿಗೂ ನಿನ್ನ ಹೆಸರು ಎತ್ತಿ ಆಡ್ತಾರೆ. ನೀರಿಗೆ ಹೋದ್ರೆ ಬಾವಿಕಟ್ಟೆ ಮ್ಯಾಲೆ ಒಬ್ಬರೂ ಮಾತಾಡಿಸಲ್ಲ. ಎಲ್ಲರ ಅಪ್ಪಂದಿರೂ ಒಂದು, ನೀನೇ ಒಂದು. ನಾನು ಎಲ್ಲಿ ಮಕ ಇಟ್ಕೊಂಡು ಬಾಳಲಿ?"

ದೊಡ್ಡಮ್ಮ ಬಾಗಿಲಿಗೆ ಬಂದು ನಿಂತಳು. ಅಕ್ಕ ಇನ್ನೂ ಬಹಳ ಅಂದಳು. ದೊಡ್ಡಪ್ಪ ಅವಳ ಮುಖವನ್ನೇ ನೋಡುತ್ತಿದ್ದ. ಕೊನೆಗೆ ಅವಳಿಗೆ ಅಳು ಉಕ್ಕಿ ಮಾತು ಕಟ್ಟಿತು.

"ಯಾಕವ್ವ ನಿಲ್ಲಿಸ್ಬಿಟ್ಟೆ? ಬಯ್ಯಿ" ಎಂದ ದೊಡ್ಡಪ್ಪ. "ಅವತ್ತು ಏರಿ ಮ್ಯಾಲೆ ನಿಂತ್ಕಂಡು ನಿಮ್ಮ ಮನೆ ಹೊಗೆ ನೋಡ್ತಾ ಇದ್ದೆ. ಇನ್ನು ಈ ದನಿ ನನ್ನ ಕಿವಿಗೆ ಬೀಳಾಕಿಲ್ಲ ಅಂದ್ಕಂಡಿದ್ದೆ. ಬೀಳ್ತಾ ಐತಲ್ಲ, ನನಗೆ ಅಷ್ಟೇ ಸಾಕು. ಬಯ್ಯವ್ವ, ಇನ್ನೂ ಒಂದೀಟು ಬಯ್ಯಿ."

ಅಕ್ಕ ಮಗುವನ್ನು ಸೊಂಟದಿಂದ ಇಳಿಸಿ ಅಪ್ಪನ ತೊಡೆಯ ಮೇಲೆ ಕೂರಿಸಿ, ಅವನ ಪಕ್ಕದಲ್ಲೇ ಜಗಲಿಯ ಮೇಲೆ ಕೂತುಕೊಂಡಳು.