ಮಳೆ ಕುಡಿಯುವ ಜಾಕೆಟ್ಟು

ಸರ್ವೇಯರನ ಜಾಕೆಟ್ಟು ಮಳೆಯನ್ನು ತಡೆಯುವುದು ಬಿಟ್ಟು ಕುಡಿಯಲು ಕಲಿತಿತ್ತು. ಹೊಸದರಲ್ಲಿ ಹನಿಗಳು ಅದರ ಮೇಲೆ ಗುಂಡಗೆ ಕುಳಿತು ಉರುಳಿಹೋಗುತ್ತಿದ್ದವು. ಈಗ ಬಿದ್ದ ಹನಿ ಬಿದ್ದಲ್ಲೇ ಹರಡಿಕೊಂಡು ಸಂಸಾರ ಹೂಡುತ್ತಿತ್ತು. ಕಳೆದ ಮಳೆಗಾಲದಲ್ಲಿ ಅವನು ಹಾಸಿಗೆ ಹಿಡಿದದ್ದನ್ನು ಕಚೇರಿಯ ಸಾಹೇಬರು ಮರೆತಿರಲಿಲ್ಲ. ಇನ್ನೊಮ್ಮೆ ತೊಯ್ದು ಜ್ವರ ಬಂತೆಂದರೆ ರೆಕಾರ್ಡ್ ರೂಮಿನಲ್ಲಿ ಕೂರಿಸುವುದಾಗಿ ಎಚ್ಚರಿಸಿದ್ದರು. ಬಯಲಲ್ಲಿ ನಡೆದೇ ಉಂಡದ್ದನ್ನು ಅರಗಿಸಿಕೊಳ್ಳುವವನಿಗೆ, ಕಿಟಕಿಯಿಲ್ಲದ ಕೋಣೆಯಲ್ಲಿ ಹಳೆಯ ನಕ್ಷೆಗಳ ಧೂಳು ಕೊಡವುವುದೆಂದರೆ ಜೀವಾವಧಿ ಶಿಕ್ಷೆ. ಇವತ್ತು ಮಧ್ಯಾಹ್ನ ಕಾಲುವೆಯ ಅಳತೆ ಇತ್ತು. ಬೆಳಿಗ್ಗೆಯೇ ಮೋಡ ಕವಿದಿತ್ತು.

ಹೊಸದು ಕೊಳ್ಳಬಾರದೇ ಎಂದಳು ಹೆಂಡತಿ. ಸರ್ವೇಯರ್ ಒಪ್ಪಲಿಲ್ಲ. ಬಟ್ಟೆ ಕೆಟ್ಟಿಲ್ಲ, ನೀರು ಜಾರಿಸುವ ಮೇಲಿನ ಲೇಪ ಸವೆದಿದೆ, ಉಳಿದದ್ದು ಬೆವರು ಕೊಳೆಯಡಿ ಹೂತಿದೆ. ತೊಳೆದು ಮತ್ತೆ ಲೇಪ ಹತ್ತಿಸಿದರಾಯಿತು ಎಂಬುದು ಅವನ ಸಿದ್ಧಾಂತ. ಎರಡು ಬಾಟಲಿ ತಂದಿದ್ದ, ಒಂದು ತೊಳೆಯಲು, ಇನ್ನೊಂದು ಲೇಪಕ್ಕೆ. ಮಾಮೂಲಿ ಸೋಪಿನ ಪುಡಿ ನೀರನ್ನು ಬಟ್ಟೆಯೊಳಕ್ಕೆ ಕರೆತರುವ ದಲ್ಲಾಳಿ. ಅದರ ಸೋಂಕೂ ಇರಬಾರದೆಂದು ವಾಷಿಂಗ್ ಮೆಷಿನ್ನಿನ ಪುಡಿ ಹಾಕುವ ಡಬ್ಬಿಯನ್ನು ಕಳಚಿ, ತನ್ನದೇ ಹಲ್ಲಿನ ಬ್ರಷ್ಷಿನಿಂದ ಉಜ್ಜಿದ. ಜಿಪ್ಪುಗಳನ್ನೆಲ್ಲ ಎಳೆದು, ಜಾಕೆಟ್ಟನ್ನೂ ಅದರ ಜೋಡಿ ಪ್ಯಾಂಟನ್ನೂ ಒಳಗೆ ಹಾಕಿದ.

ಮೊದಲ ಸುತ್ತು ಮುಗಿದಾಗ ಜಾಕೆಟ್ಟು ಹೂವಿನಂಗಡಿಯಂತೆ ಘಮಘಮಿಸುತ್ತಿತ್ತು. ಇದಕ್ಕೆ ಏನು ಹಾಕಿದ್ದು, ಯಾರು ಹಾಕಿದ್ದು ಎಂದು ಅವನು ಕೂಗಿದ.

"ನಾನೇ ಅಳಿಯಂದ್ರೇ, ಬಟ್ಟೆ ಮೆತ್ತಗಾಗೋದನ್ನ ಒಂದು ಮುಚ್ಚಳ ಸುರಿದೆ," ಎಂದರು ಅತ್ತೆ. "ಆ ಕೋಟು ಬಾಗಿಲ ಹಿಂದೆ ನೇತಾಡ್ತಿದ್ರೆ ಮನೇಲಿ ಇನ್ಯಾರೋ ಇದ್ದ ಹಾಗೆ ವಾಸನೆ ಬರ್ತಿತ್ತು."

"ಅದು ಹಾಕಿದ್ರೆ ಲೇಪ ಹತ್ತೋದಿಲ್ಲ ಅತ್ತೆ."

"ಹತ್ತದಿದ್ರೆ ಬಿಡಿ, ವಾಸನೆ ಹೋಯ್ತಲ್ಲ."

ಸರ್ವೇಯರ್ ಎರಡನೆಯ ಸಲ ತೊಳೆದ. ಕೊನೆಗೆ ಲೇಪದ ದ್ರವ ಸುರಿದು, ಯಾರೂ ಹತ್ತಿರ ಸುಳಿಯಬಾರದೆಂದು ಅತ್ತೆಗೆ ಕೈಮುಗಿದು ಸ್ನಾನಕ್ಕೆ ಹೋದ. ಹೆಂಡತಿಗೆ ಕೈಮುಗಿಯಲು ಮರೆತಿದ್ದ. ಬರುವಷ್ಟರಲ್ಲಿ ಮೆಷಿನ್ನು ತುಂಬು ಬಸುರಿಯಂತೆ ಏದುಸಿರು ಬಿಡುತ್ತಿತ್ತು.

"ಇಷ್ಟು ದೊಡ್ಡ ಮೆಷಿನ್ನು ಬರೀ ಎರಡು ಬಟ್ಟೆಗೆ ತಿರುಗ್ತಿತ್ತು ಕಣ್ರೀ," ಎಂದಳು ಅವಳು. "ಮನೆ ಟವೆಲ್ಲೆಲ್ಲ ಹಾಕ್ದೆ. ಮೇಲಿನ ಮನೆ ಮೇಷ್ಟ್ರದ್ದೂ ಇದೆ."

ಫ್ಯಾನಿನ ಗಾಳಿಗೆ ಹರವಿದ ಟವೆಲ್ಲುಗಳು ಒಣಗಿದ ಮೇಲೆ, ಮೇಷ್ಟ್ರು ಸ್ನಾನ ಮಾಡಿ, ಮೈಯೆಲ್ಲ ನೀರಾಗಿ ಮೆಟ್ಟಿಲಿಳಿದು ಬಂದರು.

"ಇದೇನಪ್ಪಾ ಈ ಟವೆಲ್ಲು, ನೀರನ್ನ ಒರೆಸೋದಿಲ್ಲ, ಬೆನ್ನಿಂದ ಹೊಟ್ಟೆಗೆ, ಹೊಟ್ಟೆಯಿಂದ ಬೆನ್ನಿಗೆ ವರ್ಗ ಮಾಡ್ತಿದೆ."

ಟವೆಲ್ಲುಗಳು ಲೇಪವನ್ನು ಹೊಟ್ಟೆತುಂಬ ಕುಡಿದಿದ್ದವು. ಜಾಕೆಟ್ಟಿಗೆ ದಕ್ಕಿದ್ದು ಎಂಜಲು. ಹೆಗಲ ಮೇಲೆ ನೀರು ಚಿಮುಕಿಸಿದರೆ ಇನ್ನೂ ಇಂಗುತ್ತಿತ್ತು. ಸರ್ವೇಯರ್ ಸೋಲಲಿಲ್ಲ. ಬಾಟಲಿಯ ತಳದಲ್ಲಿದ್ದುದನ್ನು ಅಲ್ಲಾಡಿಸಿ ತೆಗೆದು, ಸ್ಪಂಜಿನಿಂದ ಹೆಗಲು, ತೋಳು, ಹೊಲಿಗೆಗಳಿಗೆಲ್ಲ, ಉಳಿದದ್ದನ್ನು ಪ್ಯಾಂಟಿಗೆ ಹಚ್ಚಿದ. ಬಿಸಿ ತಾಕಿದರೆ ಲೇಪ ಗಟ್ಟಿಯಾಗಿ ಕೂರುತ್ತದೆಂದು ಹೆಂಡತಿಯ ಹೇರ್ ಡ್ರೈಯರ್ ಹಿಡಿದು ಅಂಗುಲ ಅಂಗುಲವಾಗಿ ಒಣಗಿಸಿದ. ತಮ್ಮ ಮಗಳ ತಲೆಗೆ ಒಂದು ದಿನವೂ ಹೀಗೆ ಗಾಳಿ ಹಿಡಿದವರಲ್ಲವೆಂದು ಅತ್ತೆ ಗೋಡೆಗೆ ಹೇಳಿದರು. ಕೊನೆಗೆ ಒಂದು ಚೊಂಬು ನೀರು ಸುರಿದರೆ, ದಡ್ಡನ ತಲೆಯಿಂದ ಪಾಠ ಜಾರಿದಂತೆ ಅಷ್ಟೂ ಜಾರಿಹೋಯಿತು.

ಮಧ್ಯಾಹ್ನ ಆಕಾಶವೇ ಕಳಚಿಬಿತ್ತು. ಸರ್ವೇಯರ್ ತನ್ನ ಪಾಲಿನ ಕಾಲುವೆಯನ್ನು ಒಬ್ಬನೇ, ಒಂದು ಅಳತೆಯನ್ನೂ ಬಿಡದೆ, ಹಾಡಿಕೊಂಡು ಮುಗಿಸಿದ. ಕಚೇರಿಯ ಜಗುಲಿಯಲ್ಲಿ, ಬೇರೆ ಕಡೆ ಹೋಗಿದ್ದ ಸಹೋದ್ಯೋಗಿಗಳು ನೆನೆದ ಕೋಳಿಗಳಂತೆ ನಿಂತಿದ್ದರು. ಇವನು ಜಾಕೆಟ್ಟು ಒಮ್ಮೆ ಕೊಡವಿ ತೆಗೆದ. ಒಳಗೆ ಅಂಗಿಯ ಇಸ್ತ್ರಿ ಗೆರೆಯೂ ಮುರಿದಿರಲಿಲ್ಲ.

ಸಾಹೇಬರು ಮೇಲಿಂದ ಕೆಳಗೆ ನೋಡಿದರು. "ಎಲ್ಲಿ ಕೂತಿದ್ರಿ?"

"ಕಾಲುವೆ ಹತ್ರ ಸಾರ್. ಬೂಟಿನ ಕೆಸರು ನೋಡಿ."

"ಕೆಸರು ಕ್ಯಾಂಟೀನ್ ಮುಂದೇನೂ ಇದೆ ಕಣ್ರೀ. ನಾಳೆಯಿಂದ ರೆಕಾರ್ಡ್ ರೂಮು."

ಸರ್ವೇಯರ್ ಜಾಕೆಟ್ಟನ್ನು ಮತ್ತೆ ತೊಟ್ಟು, ಹೋಗಿ ಸೂರಿನ ನೀರಿನ ಧಾರೆಯಡಿ ನಿಂತ. ಸಾಹೇಬರು ಸಾಕೆನ್ನುವವರೆಗೂ ನಿಂತು, ಒಳಗೆ ಬಂದು, ಜಾಕೆಟ್ಟು ಬಿಚ್ಚಿ ಅಂಗಿಯನ್ನು ಮುಟ್ಟಿ ನೋಡಿ ಎಂದ. ಸಾಹೇಬರು ಮುಟ್ಟಿದರು. ಬೆಚ್ಚಗೆ, ಗರಿಗರಿಯಾಗಿತ್ತು. ಹೇಗೆ ಮಾಡಿದಿರಿ ಎಂದು ಕೇಳಿದರು. ಸರ್ವೇಯರ್ ಉಬ್ಬಿಹೋಗಿ ಬ್ರಷ್ಷಿನಿಂದ ಡ್ರೈಯರಿನವರೆಗೆ ಒಂದನ್ನೂ ಬಿಡದೆ ವಿವರಿಸಿದ. ಸಾಹೇಬರು ತಲೆದೂಗುತ್ತ ಕೇಳಿ, ಸಂಶಯ ಪಟ್ಟದ್ದು ತಪ್ಪಾಯಿತೆಂದು ಕೈಕುಲುಕಿದರು.

"ಹಾಗಾದ್ರೆ ರೆಕಾರ್ಡ್ ರೂಮು...?"

"ಆ ಹಳೇ ನಕ್ಷೆಗಳನ್ನೆಲ್ಲ ನಾಳೇನೇ ಖಾಲಿ ಮಾಡಿಸ್ತೀನಿ," ಎಂದರು ಸಾಹೇಬರು, ತೊಯ್ದ ತಮ್ಮ ಮಳೆಕೋಟನ್ನು ಬಿಚ್ಚಿ ಅವನ ತೋಳಿಗೆ ಹಾಕುತ್ತ. "ಅಲ್ಲಿ ವಾಷಿಂಗ್ ಮೆಷಿನ್ನು ಕೂರಿಸೋಣ. ಕಾಲುವೆ ಅಳೆಯೋಕೆ ಬೇಕಾದಷ್ಟು ಜನ ಇದ್ದಾರೆ. ಇದು ಬರೋದು ನಿಮಗೊಬ್ರಿಗೇ."

ನೆನೆದ ಕೋಳಿಗಳು ಆಗಲೇ ಕೋಟು ಬಿಚ್ಚಿಕೊಂಡು ಸಾಲಾಗಿ ನಿಂತಿದ್ದವು.