ಅವಸರರಾಯನ ಸ್ಕ್ರೂಡ್ರೈವರ್

ಕಂಪ್ಯೂಟರಿನ ಪರದೆಯ ಮೇಲೆ ‘ಇನ್ನು ಐದು ಗಂಟೆ’ ಎಂದು ಕಾಣಿಸಿದ್ದೇ ಎಲ್ಲ ರಗಳೆಗೂ ಮೂಲ. ಬೆಳಗ್ಗೆ ಒಂಬತ್ತಕ್ಕೆ ಶುರುವಾದ ವಿಡಿಯೊ ತಯಾರಿಯ ಕೆಲಸ, ಯಂತ್ರದ ಪಾಡಿಗೆ ಬಿಟ್ಟಿದ್ದರೆ ಎರಡಕ್ಕೆ ಮುಗಿಯುತ್ತಿತ್ತು. ಹೊಸ ಮನೆಯ ಮಾದರಿ ತೋರಿಸುವ ಆ ವಿಡಿಯೊ ಬಿಲ್ಡರ್ ಕೈ ಸೇರಬೇಕಾದದ್ದು ಸಂಜೆ ಆರಕ್ಕೆ. ತಪ್ಪಿದರೆ ಮುಂದಿನ ನಲವತ್ತು ಮನೆಗಳ ನಕ್ಷೆ ಬೇರೆಯವರ ಪಾಲು. ನಡುವೆ ನಾಲ್ಕು ಗಂಟೆ ಬಿಡುವಿತ್ತು, ನಿಜ. ಆದರೆ ನಮ್ಮ ನಕ್ಷೆಗಾರ ಹಾಲು ಬಿಸಿಯಾಗುವ ಮೊದಲೇ ಒಲೆಯ ಮುಂದೆ ಕುಣಿಯುವ ಆಸಾಮಿ. ಇಡೀ ಕಟ್ಟಡ ಅವನನ್ನು ಅವಸರರಾಯ ಎಂದು ಸುಮ್ಮನೆ ಕರೆಯುತ್ತಿರಲಿಲ್ಲ.

“ಓವರ್‌ಕ್ಲಾಕ್ ಮಾಡಿ ಪ್ರೊಸೆಸರನ್ನ ಜೋರಾಗಿ ಓಡಿಸಿದ್ರೆ ಮೂರೂವರೆ ಗಂಟೇಲಿ ಮುಗಿಯುತ್ತೆ,” ಎಂದು ಸ್ಕ್ರೂಡ್ರೈವರ್ ಎತ್ತಿಕೊಂಡ.

“ರೀ, ಎರಡಕ್ಕೆ ಮುಗಿಯುತ್ತಲ್ಲ, ಸುಮ್ನೆ ಬಿಡ್ಬಾರ್ದಾ?” ಎಂದಳು ಹೆಂಡತಿ.

“ನಿಂಗೆ ಇದೆಲ್ಲ ಗೊತ್ತಾಗಲ್ಲ.”

ಅವಳು ಮೇಜಿನ ಮೇಲಿದ್ದ ಲೋಟ, ಪೆನ್‌ಡ್ರೈವ್ ಎತ್ತಿಕೊಂಡು ಒಳಗೆ ಹೋದಳು.

ಅವಸರರಾಯ ಕೆಲಸ ನಿಲ್ಲಿಸಿದ, ಗಾಳಿಯಾಡಲೆಂದು ಯಂತ್ರದ ಮುಚ್ಚಳ ಬಿಚ್ಚಿದ, ಸೆಟ್ಟಿಂಗ್ಸ್ ತೆರೆದ, ನಲವತ್ತೆರಡಿದ್ದ ವೇಗದ ಅಂಕಿಯನ್ನು ಐವತ್ತು ಮಾಡಿದ. ಪರದೆ ಕಪ್ಪಾಗಿ ಕೂತಿತು. ಪೇಪರ್ ಕೇಳಲು ಬಂದ ಮೇಲಿನ ಮನೆಯ ಟಿವಿ ರಿಪೇರಿಯವರು ಇಣುಕಿದರು.

“ವೇಗ ಏರಿಸಿ ವೋಲ್ಟೇಜ್ ಏರಿಸ್ದೇ ಇದ್ರೆ ಹೇಗೆ ಸ್ವಾಮಿ? ಹೊಟ್ಟೆಗೆ ಹಾಕದೆ ಓಡು ಅಂದ ಹಾಗಾಯ್ತು!”

ವೋಲ್ಟೇಜ್ ಏರಿತು. ಯಂತ್ರ ಎದ್ದಿತು. ‘ಇನ್ನು ಮೂರೂವರೆ ಗಂಟೆ’! ಅವಸರರಾಯ ಮೀಸೆ ತಿರುವಿಕೊಂಡ. ಹನ್ನೊಂದೂವರೆಗೆ ಪ್ರೊಸೆಸರಿನ ಶಾಖ ಏರಿ ಯಂತ್ರ ತಾನಾಗಿಯೇ ಆರಿಹೋಯಿತು. ಅಷ್ಟು ಹೊತ್ತಿನ ಕೆಲಸ ನೀರಿನಲ್ಲಿ ಹೋಮ.

ಗದ್ದಲ ಕೇಳಿ ಎದುರುಮನೆಯ ನಿವೃತ್ತ ಬಸ್ ಡ್ರೈವರ್ ಬಂದರು. “ಒಂದೇ ಸಲ ಟಾಪ್ ಗೇರ್ ಹಾಕಿದ್ರೆ ಇಂಜಿನ್ ಕಾಯ್ದೇ ಇರುತ್ತಾ? ನಲವತ್ತಮೂರು, ನಲವತ್ತನಾಲ್ಕು, ಹಾಗೆ ಹತ್ತಿಸ್ಬೇಕಪ್ಪ.”

“ಇದೇನು ಬಸ್ಸಾ?” ಎಂದರು ರಿಪೇರಿಯವರು.

“ಟಿವೀನೂ ಅಲ್ವಲ್ಲ!”

ಇಬ್ಬರ ಜಗಳದ ನಡುವೆ ಅವಸರರಾಯ ಒಂದೊಂದೇ ಅಂಕಿ ಏರಿಸಿ, ಒಂದೊಂದಕ್ಕೂ ಅರ್ಧ ಗಂಟೆ ಪರೀಕ್ಷೆ ಓಡಿಸಿ, ಫಲಿತಾಂಶವನ್ನು ಕ್ಯಾಲೆಂಡರಿನ ಹಿಂಭಾಗದಲ್ಲಿ ಬರೆದ. ಶಾಖ ತಣಿಸಲು ಅತ್ತೆಯ ಕೋಣೆಯ ಫ್ಯಾನನ್ನೂ ಹೊತ್ತು ತಂದ.

“ಅಳಿಯಂದ್ರೇ, ಬೆಳಗ್ಗೆಯಿಂದ ಇಸ್ಪೀಟೂ ಇಲ್ಲ, ಈಗ ಗಾಳೀನೂ ಇಲ್ವಾ?” ಎಂದು ಅತ್ತೆ ಕೂಗಿದರು. ಹೊಸ ಯಂತ್ರ ಕೊಂಡಾಗ ತನ್ನ ಹಳೆಯದನ್ನು ‘ಇಸ್ಪೀಟಿಗಷ್ಟೇ ಲಾಯಕ್ಕು’ ಎಂದು ಅವನೇ ಅವರಿಗೆ ದಾಟಿಸಿದ್ದ. ಅವರ ಮಾತು ಅವನ ಕಿವಿಗೆ ಬೀಳಲಿಲ್ಲ.

ಮೂರು ಗಂಟೆಗೆ ನಲವತ್ತೇಳು ಗಟ್ಟಿಯಾಗಿ ನಿಂತಿತು. ವಿಡಿಯೊ ಶುರು ಮಾಡಿದ. ‘ಇನ್ನು ನಾಲ್ಕು ಗಂಟೆ’. ಅಂದರೆ ಏಳು! ಆದದ್ದಾಗಲಿ ಎಂದು ಅಂಕಿಯನ್ನು ಐವತ್ತೊಂದಕ್ಕೆ ಏರಿಸಿದ. ಪರದೆ ಒಮ್ಮೆ ನೀಲಿಯಾಗಿ ಪೂರ್ತಿ ಕಣ್ಣು ಮುಚ್ಚಿತು. ಆಮೇಲೆ ಯಾರು ಜಪ್ಪಯ್ಯ ಅಂದರೂ ಏಳಲಿಲ್ಲ.

ಐದೂ ಮುಕ್ಕಾಲಿಗೆ, ಕ್ಷಮೆ ಕೇಳಲು ಮಾತು ಜೋಡಿಸುತ್ತಿದ್ದವನ ಫೋನು ತಾನೇ ಹೊಡೆದುಕೊಂಡಿತು.

“ವಿಡಿಯೊ ಬಂತು ಕಣ್ರೀ, ಭೇಷ್!” ಎಂದರು ಬಿಲ್ಡರ್. “ನಲವತ್ತು ಮನೇನೂ ನಿಮಗೇ.”

ಅವಸರರಾಯ ಬಾಯಿ ತೆರೆದು ಹೆಂಡತಿಯನ್ನು ನೋಡಿದ.

“ನೀವು ಸ್ಕ್ರೂಡ್ರೈವರ್ ಎತ್ತಿದ ಕೂಡ್ಲೇ ಪೆನ್‌ಡ್ರೈವಲ್ಲಿದ್ದ ಫೈಲನ್ನ ಅಮ್ಮನ ಕಂಪ್ಯೂಟರಿಗೆ ಹಾಕ್ದೆ,” ಎಂದಳು ಅವಳು. “ಎಂಟೂವರೆ ಗಂಟೆ ತಗೊಳ್ತು. ಯಾರೂ ಮುಟ್ಟಲಿಲ್ಲ, ಮುಗೀತು.”

ಸಮಾಧಾನಕ್ಕೋ ನಾಚಿಕೆಗೋ ಅವನ ಕಣ್ಣು ತುಂಬಿತು. ಅಷ್ಟರಲ್ಲಿ ರಿಪೇರಿಯವರು ಒಳಗಿನ ಪುಟ್ಟ ಬ್ಯಾಟರಿಯನ್ನು ಒಮ್ಮೆ ತೆಗೆದು ಮತ್ತೆ ಕೂರಿಸಿದರು. ಏರಿಸಿದ ಅಂಕಿ ಅಳಿಸಿಹೋಗಿ ಹೊಸ ಯಂತ್ರ ಹಳೆಯ ನಲವತ್ತೆರಡಕ್ಕೇ ಮರಳಿ ತಣ್ಣಗೆ ಎದ್ದು ಕೂತಿತು. ಅವನು ಕೈ ಚಾಚುವ ಮೊದಲೇ ಅತ್ತೆ ದಿಂಬು ತಂದು ಅದರ ಮುಂದಿನ ಕುರ್ಚಿಯಲ್ಲಿ ಕೂತರು.

“ಕೆಲಸಕ್ಕೆ ಬರೋದು ಆ ಹಳೇದೇ ಅಲ್ವಾ? ನೀವೇ ಇಟ್ಕೊಳ್ಳಿ. ಇಸ್ಪೀಟಿಗೆ ನಂಗೆ ಇದು ಸಾಕು.”

ಬಿಲ್ಡರ್ ಆಗಲೇ ಎರಡನೆಯ ಮನೆಯ ವಿಡಿಯೊ ಕೇಳಿದ್ದರು. ಅತ್ತೆಯ ಕೋಣೆಯಲ್ಲಿ ಹಳೆಯ ಯಂತ್ರದ ಮುಂದೆ ಅವಸರರಾಯ ಕೈಕಟ್ಟಿ ಕೂತ. ‘ಇನ್ನು ಒಂಬತ್ತು ಗಂಟೆ’ ಎಂದಿತು ಪರದೆ. ಆಚೆಯಿಂದ ಪರದೆಯ ಮೇಲೆ ಇಸ್ಪೀಟಿನ ಎಲೆ ಬೀಳುವ ಸದ್ದು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ನಿಂತಿತು.

“ಅಳಿಯಂದ್ರೇ, ಇದು ಯಾಕೋ ನಿಧಾನ ಅನ್ಸುತ್ತೆ,” ಎಂದರು ಅತ್ತೆ. “ಆ ಸ್ಕ್ರೂಡ್ರೈವರ್ ಎಲ್ಲಿಟ್ರಿ?”