ಮುಖ್ಯ ಪ್ರಯಾಣಿಕರು

ಸ್ಪ್ಯಾನರ್ ಮಾಮನಿಗೆ ಆದ ಅವಮಾನ ಶತ್ರುವಿಗೂ ಬೇಡ. ಅವನ ಮನೆಯಲ್ಲಿ, ಅವನು ಕಣ್ಣುಬಿಟ್ಟುಕೊಂಡು ಕೂತಿರುವಾಗಲೇ, ಸೊಸೆ ಹೊರಗಿನಿಂದ ಬುದ್ಧಿ ತರಿಸಿಬಿಟ್ಟಿದ್ದಳು! ಅದೂ ಎಂಥ ಬುದ್ಧಿ? ಕೃತಕ ಬುದ್ಧಿ.

"ಕಟ್ಟಿಸ್ಕೊಂಡಿರೋ ಹಲ್ಲಿನ ಅವಸ್ಥೆ ನೋಡ್ತಾನೇ ಇದೀಯಲ್ಲಮ್ಮ, ಜೋರಾಗಿ ಸೀನಿದ್ರೆ ನನಗಿಂತ ಮುಂಚೆ ಬಾಗಿಲು ದಾಟುತ್ತೆ. ಇನ್ನು ಬುದ್ಧೀನೂ ಕಟ್ಟಿಸ್ಕೋಬೇಕಾ?" ಎಂದು ಮಾಮ ಗುಡುಗಿದ.

ಗುರುವಿನ ಹಂಗಿಲ್ಲದೆ, ಬಿಚ್ಚಿ ಬಿಚ್ಚಿಯೇ ಮೋಟಾರು ವಿದ್ಯೆ ಕಲಿತ ಮೆಕ್ಯಾನಿಕ್ ಅವನು. (ಬಿಚ್ಚಿದ್ದೆಲ್ಲ ಮತ್ತೆ ಕೂಡಿಕೊಂಡಿತೇ ಎಂದು ಮಾತ್ರ ಕೇಳಬಾರದು.) ಹೆಂಡತಿಯ ಕಾಲಿನ ಬಲ ಹೋಗಿ ಗಾಲಿಕುರ್ಚಿ ಬಂದಂದಿನಿಂದ ಅವಳ ಓಡಾಟದ ಸಮಸ್ತ ಆಡಳಿತವೂ ಅವನದೇ. ತನ್ನ ಮುದಿ ವ್ಯಾನಿನ ಹಿಂಭಾಗಕ್ಕೆ ಬಚ್ಚಲುಮನೆಯ ಹಳೆಯ ಬಾಗಿಲೊಂದನ್ನು ಒರಗಿಸಿ, ಕುರ್ಚಿ ಸಮೇತ ಅವಳನ್ನು ಮೇಲಕ್ಕೆ ದಬ್ಬಿ, ಹಗ್ಗದಿಂದ ಬಿಗಿದು, "ಕೂತ್ಯಾ?" ಎಂದು ಕೇಳುವಷ್ಟರಲ್ಲಿ ಅವನ ಸೊಂಟ ಹಿಡಿದಿರುತ್ತಿತ್ತು. ಆಮೇಲೆ ಹೊರಡುವುದು ಬಿಡುವುದು ವ್ಯಾನಿನ ಮರ್ಜಿ.

ಆ ಮರ್ಜಿಯೇ ಈಗ ಕುತ್ತಿಗೆಗೆ ಬಂದಿತ್ತು. ಹೆಂಡತಿ ಬಟ್ಟೆ ಕತ್ತರಿಸುವುದರಲ್ಲಿ ಎತ್ತಿದ ಕೈ. ಊರಾಚೆಯ ಹೊಲಿಗೆ ಕಾರ್ಖಾನೆಯವರು ಹೊಸಬರಿಗೆ ಕಲಿಸುವ ಕೆಲಸಕ್ಕೆ ಅವಳನ್ನು ಕರೆದಿದ್ದರು. ಮೊದಲ ಸಲ ಸೇತುವೆಯ ಮೇಲೆ ವ್ಯಾನು ನಿಂತಿತು. ಎರಡನೆಯ ಸಲ ಅಷ್ಟು ದೂರ ಹೋಗುವ ತೊಂದರೆಯನ್ನೂ ತೆಗೆದುಕೊಳ್ಳದೆ ಗೇಟಿನಲ್ಲೇ ನಿಂತಿತು. "ಗುರುವಾರ ಹತ್ತು ಗಂಟೆಗೆ ಬನ್ನಿ. ಬರದಿದ್ರೆ ಬೇರೆಯವರನ್ನ ತಗೋತೀವಿ, ತಪ್ಪು ತಿಳ್ಕೋಬೇಡಿ" ಎಂದು ಅಲ್ಲಿನ ಮೇಲ್ವಿಚಾರಕಿ ಹೇಳಿಬಿಟ್ಟಳು.

ಆಗ ಸೊಸೆ ಈ ಹೊಸ ಸಾರಿಗೆ ಸೇವೆಯನ್ನು ಹುಡುಕಿ ತೆಗೆದಳು. ಫೋನಿನಲ್ಲಿ ಮಾತಾಡಿದರೆ ಸಾಕಂತೆ. ಯಾರಿಗೆ ಏನು ಕಷ್ಟ, ಯಾವ ರಸ್ತೆಯ ಅಂಚು ಒಡೆದಿದೆ, ಯಾವ ಬಾಗಿಲಲ್ಲಿ ಕುರ್ಚಿ ಹಿಡಿಸುತ್ತದೆ ಎಂಬುದನ್ನೆಲ್ಲ ಯಂತ್ರವೇ ಯೋಚಿಸಿ ತಕ್ಕ ಗಾಡಿ ಕಳಿಸುತ್ತದಂತೆ. ಸೊಸೆ ಫೋನನ್ನು ಅತ್ತೆಯ ಮುಂದಿಟ್ಟು ಅಡುಗೆಮನೆಗೆ ಹೋದಳು.

"ನಮಸ್ಕಾರ. ಪ್ರಯಾಣಿಕರಿಗೆ ಓಡಾಡಲು ಏನೇನು ತೊಂದರೆ ಇದೆ, ತಿಳಿಸಿ" ಎಂದಿತು ಫೋನು.

ಹೆಂಡತಿ ಬಾಯಿ ತೆರೆದಳು. ಮಾತು ಗಂಡನ ಬಾಯಿಂದ ಬಂತು. ಇದು ಆ ಮನೆಯ ಪದ್ಧತಿ. ವೈದ್ಯರು ಅವಳ ಹೊಟ್ಟೆನೋವು ವಿಚಾರಿಸಿದರೂ ಎಲ್ಲಿ ಚುಚ್ಚುತ್ತದೆ ಎಂದು ತೋರಿಸುವವನು ಇವನೇ.

"ತೊಂದ್ರೇನಾ? ಏನು ತೊಂದ್ರೆ ಇಲ್ಲ ಅಂತ ಕೇಳು!"

"ರೀ, ಅದು ಕೇಳ್ತಿರೋದು ನನ್ನನ್ನ."

"ನೀನು ಸುಮ್ನಿರೇ. ಯಂತ್ರಗಳ ಹತ್ರ ಹೇಗೆ ಮಾತಾಡ್ಬೇಕು ಅಂತ ನನಗೆ ಗೊತ್ತು. ಇದರ ಬುದ್ಧಿ ಎಷ್ಟು ಆಳ ಅಂತ ನೋಡೇಬಿಡ್ತೀನಿ."

"ಹೇಳಿ, ಕೇಳಿಸಿಕೊಳ್ಳುತ್ತಿದ್ದೇನೆ" ಎಂದಿತು ಫೋನು.

ಅಷ್ಟೇ, ಮಾಮ ಬೆಣ್ಣೆಯಂತೆ ಕರಗಿದ. ಅವನ ಮಾತನ್ನು ನಡುವೆ ತಡೆಯದೆ ಕೇಳುವ ಪ್ರಾಣಿ ಆ ಮನೆಯಲ್ಲಿ ಸಿಕ್ಕಿದ್ದು ಅದೇ ಮೊದಲು. ಮಡಚಲಾಗದ ಮಂಡಿ, ಮಂದವಾದ ಎಡಗಿವಿ, ಬಸ್ಸಿನ ಮೆಟ್ಟಿಲು ಮಾಡಿದವನ ವಂಶ, ಸೊಂಟದ ಪೂರ್ವೋತ್ತರ, ಬೇರೆಯವರು ಗಾಡಿ ಓಡಿಸಿದರೆ ತನಗೆ ಏರುವ ರಕ್ತದೊತ್ತಡ, ಒಂದನ್ನೂ ಬಿಡಲಿಲ್ಲ.

"ಪ್ರಯಾಣಿಕರ ಸಂಗಡ ಯಾರಾದರೂ ಬರುತ್ತಾರೆಯೇ?"

"ಹೆಂಡ್ತಿ ಬರ್ತಾಳೆ, ಗಾಲಿಕುರ್ಚೀಲಿ. ಅವಳನ್ನ ಬಿಟ್ಟು ನಾನು ಎಲ್ಲಿಗೂ ಕಾಲಿಡಲ್ಲ."

ಹೆಂಡತಿಗೆ ವಿಷಯ ಹೊಳೆಯಿತು. ಆದರೆ ಕುರ್ಚಿಗೆ ಜಾಗವಂತೂ ಸಿಕ್ಕಿತಲ್ಲ ಎಂದುಕೊಂಡು, ಸೆರಗನ್ನು ಬಾಯಿಗೊತ್ತಿ ಒಳಗೆ ಹೋದಳು.

ಗುರುವಾರ ಬೆಳಗ್ಗೆ ಮಾಮ ಹೊಸ ಗಾಡಿಯನ್ನು ನಂಬದೆ ತನ್ನ ವ್ಯಾನನ್ನೇ ಚಾಲೂ ಮಾಡಲು ಹೋದ. ಅದು ಕೆಮ್ಮಿತು, ಕ್ಯಾಕರಿಸಿತು, ಬೀದಿಗೆಲ್ಲ ಹೊಗೆ ಹಾಕಿ ಸುಮ್ಮನಾಯಿತು. ಹೊಗೆ ಕರಗುವಷ್ಟರಲ್ಲಿ ಅದರ ಹಿಂದೆ ಬಿಳಿಯ ಗಾಡಿಯೊಂದು ನಿಂತಿತ್ತು. ಅದರ ಬಾಗಿಲು ತಾನಾಗಿ ಸರಿದು, ಇಳಿಜಾರು ಹಲಗೆ ನಾಲಗೆಯ ಹಾಗೆ ನೆಲಕ್ಕೆ ಚಾಚಿಕೊಂಡಿತು. ಚಾಲಕಿ ಇಳಿದು ಬಂದಳು.

"ಮುಖ್ಯ ಪ್ರಯಾಣಿಕರು ಯಾರು?"

"ಇವಳೇ, ಕಾಣಲ್ವೇನಮ್ಮ?"

"ಅವರು ಸಂಗಡಿಗರು. ಮುಖ್ಯ ಪ್ರಯಾಣಿಕರು ನೀವು." ಅವನ ಎಡಗಿವಿಗೆ ಅನುಕೂಲವಾಗಲೆಂದು ಚಾಲಕಿ ತನ್ನ ಪರದೆಯ ಮೇಲಿದ್ದುದನ್ನು ಕೂಗಿ ಕೂಗಿ ಓದಿದಳು. "ಮಂಡಿ ಮಡಚಲ್ಲ! ಹತ್ತಿಸುವಾಗ ಸೊಂಟ ಹಿಡ್ಕೊಳ್ಳಿ! ದಾರಿಯುದ್ದಕ್ಕೂ ಬೈತಾರೆ, ಮನಸ್ಸಿಗೆ ಹಚ್ಕೋಬೇಡಿ!"

ಅಕ್ಕಪಕ್ಕದ ಕಿಟಕಿಗಳೆಲ್ಲ ಕಣ್ಣು ಬಿಟ್ಟವು.

"ಯಾರಿಗೆ ಸೊಂಟ ಹಿಡಿಯೋದು? ಗುಂಡುಕಲ್ಲಿನ ಹಾಗಿದೀನಿ ನಾನು!"

"ಹಾಗಾದ್ರೆ ಪ್ರಯಾಣ ರದ್ದು ಮಾಡ್ತೀನಿ ಯಜಮಾನ್ರೇ. ಸಂಗಡಿಗರನ್ನ ಮಾತ್ರ ಕರ್ಕೊಂಡು ಹೋಗೋ ಹಾಗಿಲ್ಲ."

ಮಾಮ ಹೆಂಡತಿಯ ಕಡೆ ತಿರುಗಿದ. ಅವಳು ಬೈಯಲಿಲ್ಲ. ಬೈದಿದ್ದರೆ ಅವನೂ ಎರಡು ಮಾತಾಡಿ ಹಗುರಾಗುತ್ತಿದ್ದ. ಮಡಿಲಲ್ಲಿದ್ದ ಕತ್ತರಿಯ ಚೀಲವನ್ನು ಬಿಗಿಯಾಗಿ ಹಿಡಿದು, "ಒಂದೇ ಒಂದು ಸಲ ಹೂಂ ಅನ್ನಿ" ಎಂದಳು.

ಮಾಮ ಗಂಟಲು ಸರಿಮಾಡಿಕೊಂಡು, ಇಡೀ ಬೀದಿಗೆ ಕೇಳುವಂತೆ, "ಹೌದು ಕಣಮ್ಮ. ಮಂಡಿ, ಸೊಂಟ, ಕಿವಿ, ಎಲ್ಲಾ ಕೆಟ್ಟಿದೆ. ಹತ್ತಿಸು!" ಎಂದ.

ಚಾಲಕಿ ಅವನ ಸೊಂಟ ಹಿಡಿದು ಹತ್ತಿಸಿ, ಮಗುವಿಗೆ ಕಟ್ಟಿದ ಹಾಗೆ ಪಟ್ಟಿ ಕಟ್ಟಿದಳು. ಹೆಂಡತಿ ಯಾರ ಕೈಯನ್ನೂ ಮುಟ್ಟದೆ ಸರಸರ ಮೇಲೇರಿದಳು. ಕುರ್ಚಿ ಟಕ್ಕೆಂದು ಕಚ್ಚಿಕೊಂಡಿತು. "ಕೂತ್ರಾ?" ಎಂದು ಅವಳೇ ಗಂಡನನ್ನು ಕೇಳಿದಳು.

ಹತ್ತಕ್ಕೆ ಇನ್ನೂ ಸಮಯವಿರುವಾಗಲೇ ಕಾರ್ಖಾನೆ ಬಂತು. ಅವಳು ಒಬ್ಬಳೇ ಒಳಗೆ ಹೋದಳು, ಹೊರಬರುವಾಗ ಮುಖವೇ ಸುದ್ದಿ ಹೇಳುತ್ತಿತ್ತು. ಸೇತುವೆಯ ಮೇಲೆ ನಿಂತ ದಿನದಿಂದ ಮಾಮನ ಎದೆಯಲ್ಲಿ ಕೂತಿದ್ದ ಭಾರ ಒಂದೇ ಉಸಿರಿಗೆ ಇಳಿದುಹೋಯಿತು. ಬರುವಾಗ ದಾರಿಯಲ್ಲಿ ಯಾರನ್ನೂ ಬೈಯಲಿಲ್ಲ; ಗೊರಕೆ ಹೊಡೆದ.

ಅವಳ ಹೆಸರಲ್ಲೇ ಗಾಡಿ ಬರುವಂತಾಗಲು ಕೆಲವು ದಿನ ಹಿಡಿಯಿತು. ಅಷ್ಟು ದಿನವೂ ಮಾಮ ಬೆಳಗ್ಗೆ ಮುಖ್ಯ ಪ್ರಯಾಣಿಕನಾಗಿ ಗೊಣಗುತ್ತ ಹೋದ, ಸಂಜೆ ಗೊಣಗುತ್ತ ಬಂದ. ಸೊಂಟದ ನೋವು ಮಾಯವಾಗಿದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಒಂದು ಬೆಳಗ್ಗೆ ತಲೆ ಬಾಚಿ ಗೇಟಿನ ಬಳಿ ನಿಂತಿದ್ದಾಗ ಗಾಡಿ ಹೆಂಡತಿಯೊಬ್ಬಳನ್ನೇ ಹತ್ತಿಸಿಕೊಂಡಿತು.

"ನೀವೆಲ್ಲಿಗೆ ಹೊರಟ್ರಿ?" ಎಂದು ಅವಳು ಒಳಗಿಂದ ಕೇಳಿದಳು.

"ಗಾಳಿ ಕುಡಿಯೋಕೆ!" ಎಂದ ಮಾಮ. ಗಾಡಿ ಹೋಯಿತು.

ಒಳಗೆ ಬಂದವನನ್ನು ಕಂಡು ಸೊಸೆ ಅನುಮಾನಿಸುತ್ತ ಹೇಳಿದಳು: "ಮಾವ, ನಿಮ್ಮ ಹೆಸರು ತಪ್ಪಾಗಿ ಸೇರಿದೆ, ತೆಗೀರಿ ಅಂತ ಆ ಯಂತ್ರಕ್ಕೆ ಹೇಳಿ ನೋಡ್ದೆ. ತಪ್ಪೇನೂ ಆಗಿಲ್ಲ ಅನ್ನುತ್ತೆ. ಪರೀಕ್ಷಿಸಿ ನೋಡಿದ್ವಿ, ಇವರಿಗೆ ಸಹಾಯ ನಿಜವಾಗ್ಲೂ ಬೇಕು, ಇವರ ಹೆಸರು ಕಾಯಂ ಅಂತ."

ಅವನು ಮನೆ ಮೇಲೆ ಬೀಳುವಂತೆ ಕೂಗುತ್ತಾನೆಂದು ಅವಳು ಹೆದರಿ ಹಿಂದೆ ಸರಿದಳು. ಮಾಮ ಬಹಳ ಹೊತ್ತು ಮಂಡಿ ನೀವಿಕೊಂಡ.

"ಯಂತ್ರದ ಜೊತೆ ಜಗಳ ಯಾಕಮ್ಮ" ಎಂದ ಕೊನೆಗೆ. "ಸಾಯಂಕಾಲ ನಿಮ್ಮತ್ತೇನ ಕರ್ಕೊಂಡು ಬರೋಕೆ ನನಗೊಂದು ಗಾಡಿ ಹೇಳು. ಕಿಟಕಿ ಪಕ್ಕದ ಜಾಗ ಇರ್ಲಿ. ಸೊಂಟ ಹಿಡಿಯೋಳು ಆ ಹುಡುಗೀನೇ ಆಗಿರ್ಲಿ, ಮೊನ್ನೆ ಬಂದ ಗಂಡಸಿಗೆ ಕೆಲಸ ಗೊತ್ತಿಲ್ಲ, ಕಚಗುಳಿ ಇಡ್ತಾನೆ."